ಬದು ದಾಟುವ ಬೂಷ್ಟು

ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರದ ಆಸುಪಾಸಿನಲ್ಲಿ ಅರಿಶಿನಕ್ಕೆ ಕೇಡುಗಾಲ ಬರುವುದು ಮಳೆ ಕೈಕೊಟ್ಟಾಗ ಮಾತ್ರವಲ್ಲ, ಮಳೆ ಹಟ ಹಿಡಿದು ಸುರಿದಾಗಲೂ ಹೌದು. ಮೇ, ಜೂನ್‌ನಲ್ಲಿ ಊರಿದ ಗೆಡ್ಡೆ ಆಗಸ್ಟ್ ಹೊತ್ತಿಗೆ ಮೊಣಕಾಲು ದಾಟಿ ಬೆಳೆದು, ಎಲೆಗೆ ಎಲೆ ತಾಗಿ ಸಾಲು ಮುಚ್ಚಿಕೊಂಡಿರುತ್ತದೆ. ಆಗ ಒಂದು ವಾರ ಬಿಡದೆ ಮಳೆ ಹಿಡಿದು ಹೊಲದ ತಗ್ಗಿನಲ್ಲಿ ನೀರು ನಿಂತರೆ ಸಾಕು, ಅಲ್ಲೊಂದು ಇಲ್ಲೊಂದು ಗಿಡದ ಕೆಳಗಿನ ಎಲೆಯ ಅಂಚು ಹಳದಿಗೆ ತಿರುಗುತ್ತದೆ. ಹಳದಿ ಒಳಕ್ಕೆ ಸರಿದು ಎಲೆ ಒಣಗುತ್ತದೆ. ನೆಲಕ್ಕೆ ತಾಗಿದ ಕಾಂಡ ನೀರು ಕುಡಿದು ಮೆತ್ತಗಾಗಿ, ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಅಗೆದು ನೋಡಿದರೆ ಗೆಡ್ಡೆಯ ಒಳಗೆ ಕಂದು ಕೆಸರು, ಅದರ ನಾತ, ಆ ನಾತಕ್ಕೆ ಬಂದ ನೊಣದ ಮರಿಹುಳುಗಳು. ಇದೇ ಗೆಡ್ಡೆ ಕೊಳೆ. ಇವತ್ತು ಒಂದು ಗಿಡ, ಮುಂದಿನ ವಾರ ಅದರ ಸುತ್ತಿನ ಹತ್ತು ಗಿಡ, ಆಮೇಲೆ ನೀರು ಹರಿದ ದಾರಿಯುದ್ದಕ್ಕೂ.

ಈ ಕೊಳೆಗೆ ಮುಖ್ಯ ಕಾರಣ ಪಿಥಿಯಂ ಎಂಬ ಜೀವಿ. ಪುಸ್ತಕಗಳು ಇದನ್ನು ಬಹುಕಾಲ ಶಿಲೀಂಧ್ರ ಎಂದೇ ಬರೆದವು. ನೋಡುವುದಕ್ಕೂ ಹಾಗೇ ಇದೆ: ಬಿಳಿ ಎಳೆ, ಹತ್ತಿಯಂಥ ಹರವು. ಆದರೆ ವಂಶ ಬೇರೆ. ಪಿಥಿಯಂ ಅಣಬೆಗಳ ಕುಲಕ್ಕಿಂತ ಸಮುದ್ರದ ಕಂದು ಪಾಚಿಗಳ ಕುಲಕ್ಕೆ ಹತ್ತಿರ. ನಿಜವಾದ ಶಿಲೀಂಧ್ರದ ಕೋಶಗೋಡೆಗೆ ಆಧಾರ ಕೈಟಿನ್. ಪಿಥಿಯಂನ ಗೋಡೆಯಲ್ಲಿ ಸೆಲ್ಯುಲೋಸ್ ಮತ್ತು ಅದರ ಬಳಗದ ಗ್ಲೂಕನ್‌ಗಳಿವೆ. ಅದರ ಬೀಜಾಣುಗಳಿಗೆ ಎರಡೆರಡು ಬಾಲವಿದ್ದು ಅವು ಮಣ್ಣಿನ ನೀರಿನಲ್ಲಿ ಈಜುತ್ತವೆ. ನೀರು ನಿಂತ ಹೊಲ ಅವಕ್ಕೆ ಹೆದ್ದಾರಿ.

ಇದು ಸಸ್ಯಶಾಸ್ತ್ರದ ತರಗತಿಗೆ ಬಿಡಬಹುದಾದ ಸೂಕ್ಷ್ಮವಲ್ಲ. ಗಿಡ ಹಳದಿಯಾದ ರೈತ ಗೊಬ್ಬರದ ಅಂಗಡಿಗೆ ಹೋದರೆ ಅವನ ಕೈಗೆ ಎರಡು ಪೊಟ್ಟಣ ಸೇರುವುದುಂಟು. ಒಂದು ಕಾರ್ಬೆಂಡಜಿಮ್, ಹಳೆಯ, ಅಗ್ಗದ, ಎಲ್ಲರಿಗೂ ಗೊತ್ತಿರುವ ಶಿಲೀಂಧ್ರನಾಶಕ. ಇನ್ನೊಂದು ಟ್ರೈಕೊಡರ್ಮಾ, ಮಣ್ಣಿನಲ್ಲೇ ಬದುಕುವ, ಬೇರೆ ಶಿಲೀಂಧ್ರಗಳನ್ನು ತಿನ್ನುವ ಶಿಲೀಂಧ್ರ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಬುಡಕ್ಕೆ ಹುಯ್ದರೆ ಆಗುವುದಿಷ್ಟು. ಕಾರ್ಬೆಂಡಜಿಮ್ ಕೆಲಸ ಮಾಡುವುದು ಕೋಶ ವಿಭಜನೆಗೆ ಬೇಕಾದ ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು. ಪಿಥಿಯಂನ ಟ್ಯೂಬ್ಯುಲಿನ್‌ಗೆ ಅದು ಸರಿಯಾಗಿ ಅಂಟುವುದಿಲ್ಲ. ಟ್ರೈಕೊಡರ್ಮಾದ ಟ್ಯೂಬ್ಯುಲಿನ್‌ಗೆ ಬಹಳ ಚೆನ್ನಾಗಿ ಅಂಟುತ್ತದೆ. ಶತ್ರು ಕ್ಷೇಮ, ಮಿತ್ರ ಹತ. ಎರಡು ಪೊಟ್ಟಣದ ದುಡ್ಡು ಕೊಟ್ಟು ರೈತ ಮನೆಗೆ ತಂದದ್ದು ಒಂದು ಸೊನ್ನೆ. ಪಿಥಿಯಂ ಮೇಲೆ ಕೆಲಸ ಮಾಡುವ ರಾಸಾಯನಿಕ ಬೇಕೆಂದರೆ ಮೆಟಲಾಕ್ಸಿಲ್ ಬಳಗದ್ದು ಬೇಕು, ಅದನ್ನು ಟ್ರೈಕೊಡರ್ಮಾ ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತದೆ ಕೂಡ. ಅರಿಶಿನದ ಹೊಲದಲ್ಲಿ ಟ್ರೈಕೊಡರ್ಮಾ ‘ಕೆಲಸ ಮಾಡಲಿಲ್ಲ’ ಎಂಬ ದೂರುಗಳ ಹಿಂದೆ ಶಿಲೀಂಧ್ರದ ಸೋಲಿಗಿಂತ ಇಂಥ ಡ್ರಮ್ಮುಗಳ ಪಾತ್ರ ದೊಡ್ಡದು ಎಂಬುದು ನನ್ನ ಅನುಮಾನ.

ಟ್ರೈಕೊಡರ್ಮಾಕ್ಕೆ ಆ ಹೆಸರಿಟ್ಟದ್ದು 1794ರಲ್ಲಿ, ಪರ್ಸೂನ್ ಎಂಬ ಶಿಲೀಂಧ್ರ ಶಾಸ್ತ್ರಜ್ಞ. ಮುಂದಿನ ನೂರಮೂವತ್ತು ವರ್ಷ ಅದು ಕೊಳೆತ ಕಟ್ಟಿಗೆಯ ಮೇಲಿನ ಹಸಿರು ಬೂಷ್ಟಾಗಿ ಉಳಿಯಿತು, ಯಾರ ಕೆಲಸಕ್ಕೂ ಬರಲಿಲ್ಲ. 1932ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಕಿತ್ತಳೆ ಜಾತಿಯ ಸಸಿಗಳ ಬುಡ ಕೊಳೆಯುವ ರೋಗದ ಬೆನ್ನು ಹತ್ತಿದ್ದ ವಿಜ್ಞಾನಿ ವೈಂಡ್ಲಿಂಗ್, ಸೂಕ್ಷ್ಮದರ್ಶಕದಲ್ಲಿ ಒಂದು ವಿಚಿತ್ರ ಕಂಡ. ರೋಗ ತರುವ ರೈಜೋಕ್ಟೋನಿಯಾದ ದಪ್ಪ ಎಳೆಯ ಸುತ್ತ ಟ್ರೈಕೊಡರ್ಮಾದ ಸಣ್ಣ ಎಳೆ ಹಂಬಿನಂತೆ ಸುತ್ತಿಕೊಂಡಿತ್ತು. ಸುತ್ತಿದ ಕಡೆ ದಪ್ಪ ಎಳೆಯ ಒಳಗಿನ ಸಾರ ಬರಿದಾಗಿತ್ತು. ಒಂದು ಶಿಲೀಂಧ್ರ ಇನ್ನೊಂದನ್ನು ಜೀವಂತ ಉಣ್ಣುತ್ತಿತ್ತು. ಎರಡು ವರ್ಷಗಳ ನಂತರ, ಅದು ಉಣ್ಣುವ ಮೊದಲು ಒಂದು ವಿಷವನ್ನೂ ಬಿಡುತ್ತದೆಂದು ಆತನೇ ತೋರಿಸಿದ. ಆ ವಿಷ ಗ್ಲಯೋಟಾಕ್ಸಿನ್. ಈ ಗ್ಲಯೋಟಾಕ್ಸಿನ್ ಬಗ್ಗೆ ಮುಂದೆ ಮತ್ತೆ ಮಾತಾಡಬೇಕಾಗುತ್ತದೆ.

ಅದೇ ಕುಲದ ಇನ್ನೊಬ್ಬ ಸದಸ್ಯನ ಕಥೆ ಎರಡನೇ ಮಹಾಯುದ್ಧದ್ದು. ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆಯ ಹತ್ತಿಬಟ್ಟೆಯ ಡೇರೆಗಳು ಕೊಳೆತು ಚಿಂದಿಯಾಗತೊಡಗಿದವು. ಆ ಚಿಂದಿಯಿಂದ ಬೇರ್ಪಡಿಸಿದ ಟ್ರೈಕೊಡರ್ಮಾಕ್ಕೆ ಕ್ಯೂಎಂ6ಎ ಎಂಬ ಸಂಖ್ಯೆ ಬಿತ್ತು. ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಧಾರಾಳವಾಗಿ ಸುರಿಸುವ ತಳಿ ಅದು. ಮುಂದೆ ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿ ಅದರ ಮೇಲೆ ದುಡಿದ ರೀಸ್ ಅವರ ಗೌರವಾರ್ಥ 1977ರಲ್ಲಿ ಟ್ರೈಕೊಡರ್ಮಾ ರೀಸಿ ಎಂದು ಹೆಸರಾಯಿತು. ಇಂದು ಜೀನ್ಸ್ ಬಟ್ಟೆ ಮಾಸಲುಗೊಳಿಸುವುದರಿಂದ ಹಿಡಿದು ಒಣಹುಲ್ಲಿನಿಂದ ಎಥನಾಲ್ ತೆಗೆಯುವವರೆಗೆ ಬಳಕೆಯಾಗುವ ಕಿಣ್ವಗಳ ದೊಡ್ಡ ಪಾಲು ಆ ಒಂದು ಡೇರೆಯ ಬೂಷ್ಟಿನ ಸಂತತಿಯಿಂದಲೇ. ಗುಂಡ್ಲುಪೇಟೆಗೆ ಈ ಕಥೆಯ ನಂಟು ಏನೆಂದರೆ, ಪಿಥಿಯಂನ ಗೋಡೆಯಲ್ಲಿ ಇರುವುದೂ ಅದೇ ಸೆಲ್ಯುಲೋಸ್. ಕೈಟಿನ್ ಒಡೆಯುವ ಕಿಣ್ವ, ಸೆಲ್ಯುಲೋಸ್ ಒಡೆಯುವ ಕಿಣ್ವ ಎರಡೂ ಟ್ರೈಕೊಡರ್ಮಾ ಕುಲದ ಕೈಯಲ್ಲಿರುವುದರಿಂದ ಅದು ನಿಜವಾದ ಶಿಲೀಂಧ್ರವನ್ನೂ ಸುಳ್ಳು ಶಿಲೀಂಧ್ರವನ್ನೂ ಎದುರಿಸಬಲ್ಲದು.

ಆದರೆ ತಿನ್ನುವುದೊಂದೇ ಅದರ ಕೆಲಸವಲ್ಲ, ಬಹುಶಃ ಮುಖ್ಯ ಕೆಲಸವೂ ಅಲ್ಲ. ಬೇರಿನ ಸುತ್ತ ಸೋರುವ ಸಕ್ಕರೆಯನ್ನು ಅದು ಉಳಿದವರಿಗಿಂತ ಬೇಗ ಮುಗಿಸುತ್ತದೆ. ಕಬ್ಬಿಣದಂಥ ಅಪರೂಪದ ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ತಳಿಗಳು ಬೇರಿನ ಹೊರಪದರದ ಒಳಕ್ಕೇ ನುಗ್ಗಿ ಕೂರುತ್ತವೆ. ಗಿಡ ಅದನ್ನು ಶತ್ರುವೆಂದು ಭಾವಿಸಿ ತನ್ನ ರಕ್ಷಣೆಯನ್ನು ಎಬ್ಬಿಸುತ್ತದೆ, ಆಮೇಲೆ ನಿಜವಾದ ಶತ್ರು ಬಂದಾಗ ಆ ಎಚ್ಚರ ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ತಳಿ ಬೆಳೆಸಿದ ಪ್ರಯೋಗಾಲಯದ ತಟ್ಟೆ ತೆರೆದರೆ ಕೊಬ್ಬರಿಯ ಘಮ ಬರುವುದುಂಟು. ಆ ಘಮ ಪೆಂಟೈಲ್ ಪೈರೋನ್ ಎಂಬ ರಾಸಾಯನಿಕದ್ದು, ಅದಕ್ಕೂ ಶಿಲೀಂಧ್ರಗಳನ್ನು ತಡೆಯುವ ಗುಣವಿದೆ.

ಇಷ್ಟೆಲ್ಲ ಕೇಳಿದ ಮೇಲೆ ಟ್ರೈಕೊಡರ್ಮಾವನ್ನು ಔಷಧಿ ಎಂದು ಕರೆಯುವುದು ಏಕೆ ತಪ್ಪು ದಾರಿಗೆ ಎಳೆಯುತ್ತದೆಂದು ತಿಳಿಯುತ್ತದೆ. ಗೆಡ್ಡೆ ಕೊಳೆತ ಮೇಲೆ ಹಾಕಿದರೆ ಅದು ಮಾಡುವಂಥದ್ದು ಹೆಚ್ಚೇನಿಲ್ಲ. ಪಿಥಿಯಂಗಿಂತ ಮೊದಲೇ ಅದು ಬೇರಿನ ಹತ್ತಿರ ಮನೆ ಮಾಡಿರಬೇಕು. ಹಾಗಾಗಿ ಅದರ ಜಾಗ ಬಿತ್ತನೆ ಗೆಡ್ಡೆಯ ಮೇಲೆ, ಲೀಟರ್ ನೀರಿಗೆ 10 ಗ್ರಾಂನಂತೆ ಕದಡಿ ಅದ್ದಿ ನೆರಳಿನಲ್ಲಿ ಆರಿಸಿ ಊರುವುದರಲ್ಲಿ. ಮತ್ತು ಗೊಬ್ಬರದಲ್ಲಿ. ಒಣ ಮಣ್ಣಿಗೆ ಪುಡಿ ಎರಚಿದರೆ ಚಾಮರಾಜನಗರದ ಬೇಸಿಗೆಯ ಬಿಸಿಲಿಗೆ ಬೀಜಾಣು ಸುಟ್ಟುಹೋಗುತ್ತದೆ, ಉಳಿದದ್ದಕ್ಕೆ ತಿನ್ನಲು ಏನೂ ಇರುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ, ಟ್ರೈಕೊಡರ್ಮಾ ಕಲಸಿ, ನೆರಳಿನಲ್ಲಿ ಗುಡ್ಡೆ ಮಾಡಿ ಗೋಣಿತಾಟು ಹೊದಿಸಿ, ತೇವ ಆರದಂತೆ ನೋಡಿಕೊಂಡು ಹತ್ತು ಹದಿನೈದು ದಿನ ಬಿಟ್ಟರೆ ಗುಡ್ಡೆಯೊಳಗೆ ಮೊದಲು ಬಿಳಿ, ಆಮೇಲೆ ಹಸಿರು ಹಬ್ಬುತ್ತದೆ. ಅದನ್ನು ಮಣ್ಣಿಗೆ ಸೇರಿಸಿದರೆ ಪೊಟ್ಟಣದ ಪುಡಿಗಿಂತ ಎಷ್ಟೋ ಪಟ್ಟು ಹೆಚ್ಚು ಶಿಲೀಂಧ್ರ, ತನ್ನ ಊಟದ ಗಂಟಿನೊಂದಿಗೆ, ಹೊಲಕ್ಕೆ ಹೋಗುತ್ತದೆ. ದನ ಕಮ್ಮಿಯಾಗಿ ಕೊಟ್ಟಿಗೆ ಗೊಬ್ಬರವೇ ದುಬಾರಿಯಾದ ಊರಿನಲ್ಲಿ ಈ ಸಲಹೆ ಹೇಳುವಷ್ಟು ಸುಲಭವಲ್ಲ ಎಂಬುದೂ ನಿಜವೇ. ಏರುಮಡಿ ಮಾಡಿ ನೀರು ಬಸಿಯದಿದ್ದರಂತೂ ಯಾವ ಶಿಲೀಂಧ್ರವೂ ಅರಿಶಿನವನ್ನು ಉಳಿಸುವುದಿಲ್ಲ.

ಪೊಟ್ಟಣದ ಒಳಗೆ ಏನಿದೆ ಎಂಬ ಪ್ರಶ್ನೆ ಬೇರೆಯೇ. ಭಾರತದ ನಿಯಮದ ಪ್ರಕಾರ ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು, ತೇವಾಂಶ ಶೇ. 8 ಮೀರಬಾರದು, ಸಾಲ್ಮೊನೆಲ್ಲಾದಂಥ ರೋಗಾಣು ಇರಲೇಬಾರದು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಟಾಲ್ಕ್ ಪುಡಿಯ ವಿಧಾನ ದೇಶದೆಲ್ಲೆಡೆ ಹಬ್ಬಿತು. ಅಗ್ಗ, ಸರಳ, ಆದರೆ ಆಯುಷ್ಯ ಕೆಲವೇ ತಿಂಗಳು. ಅಂಗಡಿಯ ತಗಡಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳು ಕಳೆದ ಪೊಟ್ಟಣದಲ್ಲಿ ಜೀವ ಎಷ್ಟು, ಬರೀ ಟಾಲ್ಕ್ ಎಷ್ಟು, ಹೊರಗಿನಿಂದ ತಿಳಿಯದು. ಬೇಯಿಸಿ ಆರಿಸಿದ ಅನ್ನದ ಮೇಲೆ ಚಿಟಿಕೆ ಉದುರಿಸಿ ಮುಚ್ಚಿಟ್ಟು ನಾಲ್ಕು ದಿನದಲ್ಲಿ ಹಸಿರಾದರೆ ಜೀವ ಇದೆ ಎಂದು ಕೆಲವರು ಪರೀಕ್ಷೆ ಮಾಡುತ್ತಾರೆ. ಏನೂ ಬೆಳೆಯದಿದ್ದರೆ ಪೊಟ್ಟಣ ಸತ್ತಿದೆ ಎಂದು ಹೇಳಬಹುದು. ಹಸಿರಾದರೆ ಮಾತ್ರ ಏನೂ ಹೇಳಲಾಗದು, ಯಾಕೆಂದರೆ ಪೆನಿಸಿಲಿಯಮ್ಮೂ ಹಸಿರು, ಅನ್ನ ಕೆಡಿಸುವ ಹಲವು ಆಸ್ಪರ್ಜಿಲಸ್‌ಗಳೂ ಹಸಿರು. ಸಾಲದ್ದಕ್ಕೆ, ಪೊಟ್ಟಣದ ಮೇಲೆ ಟ್ರೈಕೊಡರ್ಮಾ ವಿರಿಡೆ ಎಂದು ಅಚ್ಚಾಗಿರುವ ಅನೇಕ ತಳಿಗಳು ಡಿಎನ್‌ಎ ನೋಡಿದಾಗ ಆಸ್ಪರೆಲ್ಲಮ್ ಎಂಬ ಬೇರೆ ಪ್ರಭೇದದ ಬಳಗದವೆಂದು ಗೊತ್ತಾಗಿದೆ. ವೈಂಡ್ಲಿಂಗ್‌ನ ಶಿಲೀಂಧ್ರದ ಗುರುತೂ ಹೀಗೇ ಆಮೇಲೆ ಬದಲಾಯಿತು.

ಟ್ರೈಕೊಡರ್ಮಾದ ಗೆಲುವು ಎಲ್ಲಿಯವರೆಗೆ ಎಂದು ತಿಳಿಯಲು ಬಾಳೆ ತೋಟ ನೋಡಬೇಕು. ಚಾಮರಾಜನಗರದ ಪಕ್ಕದ ನಂಜನಗೂಡಿನ ರಸಬಾಳೆಯನ್ನು ಮೂಲೆಗೆ ತಳ್ಳಿದ ಪನಾಮಾ ಸೊರಗು ರೋಗ ಕೂಡ ಮಣ್ಣಿನ ಶಿಲೀಂಧ್ರದ್ದೇ, ಫ್ಯುಸೇರಿಯಂ. ದಪ್ಪ ಗೋಡೆಯ ಬೀಜಾಣುಗಳಾಗಿ ಅದು ಬಾಳೆಯಿಲ್ಲದ ಮಣ್ಣಿನಲ್ಲಿ ದಶಕಗಳ ಕಾಲ ಕಾಯುತ್ತದೆ, ಬೇರು ಹೊಕ್ಕ ಮೇಲೆ ನೀರು ಸಾಗುವ ನಾಳಗಳ ಒಳಗೇ ಇರುತ್ತದೆ. ಅಲ್ಲಿಗೆ ಟ್ರೈಕೊಡರ್ಮಾದ ಕೈ ಸುಲಭವಾಗಿ ಮುಟ್ಟದು. ಉತ್ತರ ಪ್ರದೇಶ, ಬಿಹಾರದ ಬಾಳೆಗೆ ಇದೇ ರೋಗದ ಹೊಸ, ಹೆಚ್ಚು ಕ್ರೂರವಾದ ತಳಿ ಬಂದಾಗ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ‘ಫ್ಯುಸಿಕಾಂಟ್’ ಎಂಬ ಉತ್ಪನ್ನ ತಂದರು. ಅದರಲ್ಲಿರುವುದು ಟ್ರೈಕೊಡರ್ಮಾ ರೀಸಿ, ಡೇರೆ ತಿಂದ ಅದೇ ಪ್ರಭೇದ, ಆದರೆ ನಮ್ಮ ದೇಶದ ತಳಿ. ಅದನ್ನೂ ನಾಟಿಯ ಹೊತ್ತಿನಿಂದಲೇ ಮತ್ತೆ ಮತ್ತೆ ಕೊಡಬೇಕು.

ಇನ್ನು ಅಪಾಯದ ಕಡೆಗೆ. ಶಿಲೀಂಧ್ರ ತಿನ್ನುವ ಶಿಲೀಂಧ್ರಕ್ಕೆ ಅಣಬೆ ಯಾವುದು, ರೋಗಾಣು ಯಾವುದು ಎಂಬ ಭೇದವಿಲ್ಲ. 1980ರ ದಶಕದ ಕೊನೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಅಣಬೆ ಉದ್ಯಮಕ್ಕೆ ಹಸಿರು ಬೂಷ್ಟಿನ ರೋಗ ಬಿದ್ದು ದೊಡ್ಡ ನಷ್ಟವಾಯಿತು. ಕಾರಣ ಟ್ರೈಕೊಡರ್ಮಾ ಕುಲದ ಒಂದು ಪ್ರಭೇದ. ಚಿಪ್ಪು ಅಣಬೆಯನ್ನು ಹಿಡಿಯುವ ಬೇರೆ ಪ್ರಭೇದಗಳಿವೆ. ಹೊಲಕ್ಕೆ ಟ್ರೈಕೊಡರ್ಮಾ ಗೊಬ್ಬರ ಕಲಸಿದ ಕೈಯಲ್ಲೇ ಮನೆಯ ಹಿತ್ತಲಿನ ಅಣಬೆ ಚೀಲ ಮುಟ್ಟುವುದು ಬೇಡ. 2018ರಲ್ಲಿ ದಕ್ಷಿಣ ಜರ್ಮನಿಯ ಮುಸುಕಿನ ಜೋಳದ ತೆನೆಗಳ ಮೇಲೆ ಹಸಿರು ಕೊಳೆ ಕಂಡಿತು, ಆಮೇಲೆ ಫ್ರಾನ್ಸ್, ಇಟಲಿಯಲ್ಲೂ ಕಂಡಿತು. ರೋಗಕಾರಕ ಟ್ರೈಕೊಡರ್ಮಾ ಆಫ್ರೋಹಾರ್ಜಿಯಾನಮ್. ಮಾರಾಟದ ಜೈವಿಕ ಉತ್ಪನ್ನಗಳಿಂದಲೇ ಅದು ಬಂತೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಆದರೆ ಸಸ್ಯದ ಗೆಳೆಯ ಎಂದು ಎಲ್ಲರೂ ಹೇಳುತ್ತಿದ್ದ ಕುಲದಲ್ಲೇ ಸಸ್ಯಕ್ಕೆ ರೋಗ ತರುವವನೂ ಇದ್ದಾನೆಂದು ಆ ತೆನೆಗಳು ತೋರಿಸಿಕೊಟ್ಟವು.

ಮನುಷ್ಯನ ಮಟ್ಟಿಗೆ ಅಪಾಯ ಚಿಕ್ಕದು, ಆದರೆ ಇಲ್ಲವೆನ್ನುವಂತಿಲ್ಲ. ಗ್ಲಯೋಟಾಕ್ಸಿನ್ ಪ್ರಾಣಿಗಳ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವ ವಿಷ. ಎಲ್ಲ ಟ್ರೈಕೊಡರ್ಮಾಗಳೂ ಅದನ್ನು ಮಾಡುವುದಿಲ್ಲ, ಕೆಲವು ಮಾಡುತ್ತವೆ. ಅಂಗಾಂಗ ಕಸಿಯಾದವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಲ್ಲಿ ಟ್ರೈಕೊಡರ್ಮಾ ಲಾಂಗಿಬ್ರಾಕಿಯಾಟಮ್‌ನ ಸೋಂಕು ವರದಿಯಾಗಿದೆ. ಬೇರುಗಂಟು ಹುಳುವಿನ ಮೊಟ್ಟೆ ತಿನ್ನುವ ಪರ್ಪ್ಯುರಿಯೋಸಿಲಿಯಮ್ ಲೈಲಾಸಿನಮ್ ಎಂಬ ಇನ್ನೊಂದು ಮಣ್ಣಿನ ಶಿಲೀಂಧ್ರವಿದೆ. ಅದಕ್ಕೆ ಆ ಗುಣವಿದೆಯೆಂದು 1979ರಲ್ಲಿ ಪೆರು ದೇಶದ ಆಲೂಗಡ್ಡೆ ಹೊಲಗಳಲ್ಲಿ ತಿಳಿಯಿತು, ಈಗ ಟೊಮೆಟೊ, ಅರಿಶಿನಕ್ಕೆ ನಮ್ಮಲ್ಲೂ ಬಳಸುತ್ತಾರೆ. ಅದೇ ಶಿಲೀಂಧ್ರ ಕಣ್ಣಿಗೆ ಹೊಕ್ಕರೆ ಗುಣಪಡಿಸಲು ಕಷ್ಟವಾದ ಸೋಂಕು ತರಬಲ್ಲದು, ಹಲವು ಶಿಲೀಂಧ್ರ ಔಷಧಿಗಳಿಗೆ ಅದು ಬಗ್ಗುವುದಿಲ್ಲ. ಹೊಲದಲ್ಲಿ ಬಳಸಿದ್ದರಿಂದ ಊರಿಗೆ ಊರೇ ಕಣ್ಣುಬೇನೆ ಬಂದದ್ದಿಲ್ಲ. ಆದರೂ ಗಾಳಿಗೆ ಎದುರಾಗಿ ನಿಂತು ಬರಿಗೈಯಲ್ಲಿ ಪುಡಿ ಕಲಸುವವರು ಒಂದು ಟವೆಲಾದರೂ ಮುಖಕ್ಕೆ ಸುತ್ತಿಕೊಂಡರೆ, ಕಣ್ಣಿಗೆ ಕನ್ನಡಕ ಹಾಕಿದರೆ ಕಳೆದುಕೊಳ್ಳುವುದೇನಿಲ್ಲ. ಗುಂಡ್ಲುಪೇಟೆಯವರಿಗೆ ಬೇರುಗಂಟು ಹುಳುವಿನ ವಿರುದ್ಧ ಇನ್ನೊಂದು ಅನುಕೂಲವೂ ಇದೆ. ಊಟಿ ರಸ್ತೆಯ ಇಕ್ಕೆಲಗಳಲ್ಲಿ ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಚೆಂಡು ಹೂವಿನ ಬೇರೇ ಆ ಹುಳುವಿಗೆ ಆಗದ ವಸ್ತುಗಳನ್ನು ಹೊಂದಿದೆ. ಬೆಳೆ ಸರದಿಯಲ್ಲಿ ಅದು ಸೇರಿದರೆ ಬೇರುಗಂಟು ತಗ್ಗುತ್ತದೆ.

ಈ ಜಿಲ್ಲೆಯಲ್ಲಿ ನಿಜವಾಗಿ ಎಚ್ಚರ ತಪ್ಪಬಾರದ ಅಪಾಯ ಮಾತ್ರ ಇವು ಯಾವುವೂ ಅಲ್ಲ. ಅದು ಟ್ರೈಕೊಡರ್ಮಾದ್ದೂ ಅಲ್ಲ. ಅದರ ಪಕ್ಕದ ಕಪಾಟಿನಲ್ಲೇ, ಅಂಥದೇ ಪೊಟ್ಟಣದಲ್ಲಿ, ಅಂಥದೇ ‘ಜೈವಿಕ’ ಎಂಬ ಪಟ್ಟಿ ಹೊತ್ತು ಕೂತಿರುವ ಬ್ಯೂವೇರಿಯಾ ಬಾಸಿಯಾನದ್ದು.

ಬ್ಯೂವೇರಿಯಾ ಮಣ್ಣಿನಲ್ಲಿ ಬದುಕುವ, ಕೀಟಗಳನ್ನು ಕೊಲ್ಲುವ ಶಿಲೀಂಧ್ರ. ಅದರ ಹೆಸರಿನ ಎರಡನೇ ಭಾಗ ಇಟಲಿಯ ಲೋದಿ ಪಟ್ಟಣದ ಹತ್ತಿರದ ಅಗೋಸ್ತಿನೊ ಬಾಸ್ಸಿಯದು. ಕಾನೂನು ಓದಿದ, ಕಣ್ಣು ಮಂದವಾಗಿದ್ದ ಆತ ಸುಮಾರು 25 ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದ: ಇಟಲಿಯ ರೇಷ್ಮೆ ಹುಳುಗಳು ಯಾಕೆ ಸೆಟೆದು ಬಿಳಿ ಪುಡಿ ಮುಚ್ಚಿಕೊಂಡು ಸಾಯುತ್ತಿವೆ? ಮೊದಮೊದಲು ಆಹಾರ, ಹವೆ, ಆಮ್ಲ ಎಂದೆಲ್ಲ ಅಂದುಕೊಂಡು ಹುಳುಗಳಿಗೆ ಏನೇನೋ ಮಾಡಿ ನೋಡಿದ, ರೋಗ ಬರಲಿಲ್ಲ. ಕೊನೆಗೆ ಸತ್ತ ಹುಳುವಿನ ಮೈಮೇಲಿನ ಪುಡಿಯನ್ನು ಆರೋಗ್ಯದ ಹುಳುವಿಗೆ ತಾಗಿಸಿದಾಗ ರೋಗ ಬಂತು. ಆ ಪುಡಿ ಒಂದು ಶಿಲೀಂಧ್ರದ ಬೀಜಾಣು ಎಂದು 1835ರಲ್ಲಿ ಪ್ರಕಟಿಸಿದ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರುತ್ತದೆ ಎಂದು ಪ್ರಯೋಗದಿಂದ ತೋರಿಸಿದ ಮೊದಲಿಗ ಬಾಸ್ಸಿ, ಪಾಶ್ಚರ್‌ಗಿಂತ ಎಷ್ಟೋ ಮೊದಲು. ಅಂದರೆ ಇಂದು ನಾವು ಸಸ್ಯ ಸಂರಕ್ಷಕ ಎಂದು ಮಾರುವ ಬ್ಯೂವೇರಿಯಾ ಜಗತ್ತಿಗೆ ಪರಿಚಯವಾದದ್ದೇ ರೇಷ್ಮೆ ಹುಳುವಿನ ಕೊಲೆಗಾರನಾಗಿ.

ಆ ರೋಗಕ್ಕೆ ನಮ್ಮ ರೇಷ್ಮೆ ಬೆಳೆಗಾರರು ಇಟ್ಟ ಹೆಸರು ಸುಣ್ಣಕಟ್ಟು. ಹಾಲುತೊಂಡೆ, ಸಪ್ಪೆರೋಗ, ಗಂಟುರೋಗ, ಸುಣ್ಣಕಟ್ಟು: ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಕಡೆ ಹುಳು ಸಾಕಿದ ಯಾವ ಮನೆಯವರನ್ನು ಕೇಳಿದರೂ ಈ ನಾಲ್ಕನ್ನು ಬೆರಳು ಮಡಿಚಿ ಹೇಳುತ್ತಾರೆ. 1956ಕ್ಕೆ ಮೊದಲು ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿ ಬದಲಾಯಿತು, ರೇಷ್ಮೆ ಬದಲಾಗಲಿಲ್ಲ. ಈಗಲೂ ಜಿಲ್ಲೆಯ ಹಲವು ಊರುಗಳಲ್ಲಿ ಮನೆ ಖರ್ಚು, ಮಕ್ಕಳ ಫೀಸು, ಕೈಗಡ ಎಲ್ಲವೂ ತೀರುವುದು ಗೂಡು ಮಾರುಕಟ್ಟೆಗೆ ಹೋದ ದಿನ.

ಬ್ಯೂವೇರಿಯಾ ಕೊಲ್ಲುವ ಬಗೆ ನಿಧಾನದ್ದು. ಕರುಳಿನ ಮೂಲಕ ಹೋಗಬೇಕಾದ ವೈರಸ್, ಬ್ಯಾಕ್ಟೀರಿಯಾಗಳಂತೆ ಇದನ್ನು ಹುಳು ತಿನ್ನಲೇಬೇಕೆಂದಿಲ್ಲ, ಚರ್ಮಕ್ಕೆ ತಾಗಿದರೆ ಸಾಕು. ಬೀಜಾಣು ಚರ್ಮಕ್ಕೆ ಅಂಟಿ, ತೇವ ಸಿಕ್ಕರೆ ಸುಮಾರು ಒಂದು ದಿನದಲ್ಲಿ ಮೊಳೆಯುತ್ತದೆ. ಒಂದು ಕಡೆ ಕೈಟಿನ್ ಮತ್ತು ಪ್ರೋಟೀನ್ ಕರಗಿಸುವ ಕಿಣ್ವ, ಇನ್ನೊಂದು ಕಡೆ ಒತ್ತಡ, ಎರಡರಿಂದಲೂ ಚರ್ಮವನ್ನು ಕೊರೆದು ಒಳಗಿಳಿಯುತ್ತದೆ. ಹುಳುವಿನ ರಕ್ತದಲ್ಲಿ ತುಂಡು ತುಂಡಾಗಿ ಹೆಚ್ಚಿ, ವಿಷಗಳನ್ನು ಬಿಟ್ಟು, ಕೆಲವು ದಿನಗಳಲ್ಲಿ ಹುಳುವನ್ನು ಮುಗಿಸುತ್ತದೆ. ಸತ್ತ ಹುಳು ಮೊದಲು ಮೆತ್ತಗಿದ್ದು ಆಮೇಲೆ ಕಡ್ಡಿಯಂತೆ ಸೆಟೆಯುತ್ತದೆ, ಕೆಲವೊಮ್ಮೆ ನಸುಗೆಂಪಾಗುತ್ತದೆ, ಕೊನೆಗೆ ಶಿಲೀಂಧ್ರ ಹೊರಬಂದು ಬೆಳ್ಳಗಾಗುತ್ತದೆ. ಅಂಥ ಒಂದೊಂದು ಹುಳುವೂ ಕೋಟಿಗಟ್ಟಲೆ ಬೀಜಾಣುಗಳ ಕಣಜ. ತಟ್ಟೆ ಅಲುಗಿದರೆ ಇಡೀ ಸಾಕಣೆ ಮನೆಗೆ ಹರಡುತ್ತದೆ. ಚಳಿ ಹಾಗೂ ತೇವ ಹೆಚ್ಚಿದ ದಿನಗಳಲ್ಲಿ ಇದರ ಹಾವಳಿ ಜೋರು, ಅದಕ್ಕೇ ಹಾಸಿಗೆಯ ಮೇಲೆ ಒಣ ಸುಣ್ಣದ ಪುಡಿ ಉದುರಿಸಿ ತೇವ ತಗ್ಗಿಸುತ್ತಾರೆ. ಚೀನಾದಲ್ಲಿ ಮಾತ್ರ ಹೀಗೆ ಸತ್ತ ಹುಳುವಿಗೂ ಬೆಲೆಯಿದೆ. ಅದು ಅಲ್ಲಿನ ಸಾಂಪ್ರದಾಯಿಕ ಔಷಧಿ, ಬೇಕೆಂದೇ ಹುಳುಗಳಿಗೆ ಸೋಂಕು ತಗಲಿಸಿ ತಯಾರಿಸುತ್ತಾರೆ.

ಬ್ಯೂವೇರಿಯಾಕ್ಕೆ ನಮ್ಮ ಕಡೆ ಒಳ್ಳೆಯ ಹೆಸರು ಬಂದದ್ದು ಕಾಫಿಯಿಂದ. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆ ಕಾಡು ದಾಟಿದರೆ ಸಿಗುವ ಗೂಡಲೂರಿನಲ್ಲಿ 1990ರಲ್ಲಿ, ಭಾರತದಲ್ಲಿ ಮೊದಲ ಬಾರಿಗೆ, ಕಾಫಿ ಹಣ್ಣು ಕೊರಕ ಕಾಣಿಸಿಕೊಂಡಿತು. ಅಲ್ಲಿಂದ ವಯನಾಡು, ಕೊಡಗಿಗೆ ಹರಡಿತು. ಹಣ್ಣಿನೊಳಗೆ ಅಡಗಿ ಕೂರುವ ಆ ಕರಿ ದುಂಬಿಗೆ ರಾಸಾಯನಿಕ ತಲುಪುವುದು ಕಷ್ಟ. ಕಾಫಿ ತೋಟದ ನೆರಳು, ತೇವ ಬ್ಯೂವೇರಿಯಾಕ್ಕೆ ಹಿತ, ಆದ್ದರಿಂದ ಅಲ್ಲಿ ಅದಕ್ಕೆ ಸಲ್ಲುವ ಗೌರವ ನ್ಯಾಯವಾದದ್ದೇ. ಕಾಫಿ ತೋಟದ ಪಕ್ಕ ಹಿಪ್ಪುನೇರಳೆ ಸಾಮಾನ್ಯವಾಗಿ ಇರುವುದೂ ಇಲ್ಲ. ಬಯಲಿಗಿಳಿದಾಗ ಲೆಕ್ಕ ಬದಲಾಗುತ್ತದೆ.

ಬಯಲಿನಲ್ಲಿ ಅದರ ಜೊತೆಗೆ ಇನ್ನೊಂದು ಶಿಲೀಂಧ್ರವೂ ಬಂದಿದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಕಂಡ ಫಾಲ್ ಸೈನಿಕ ಹುಳು ಸ್ವಲ್ಪ ಕಾಲದಲ್ಲೇ ರಾಜ್ಯವನ್ನೆಲ್ಲ ವ್ಯಾಪಿಸಿತು. ಅಮೆರಿಕ ಖಂಡದಿಂದ ಆಫ್ರಿಕಾ ಹಾದು ಬಂದ ಈ ಅತಿಥಿಯನ್ನು ನಮ್ಮ ಹೊಲಗಳಲ್ಲೇ ಇದ್ದ ಶಿಲೀಂಧ್ರವೊಂದು ತಾನಾಗಿ ಹಿಡಿದು ಕೊಲ್ಲತೊಡಗಿದ್ದನ್ನು ವಿಜ್ಞಾನಿಗಳು ಗಮನಿಸಿದರು. ಹಳೆಯ ಹೆಸರು ನೊಮುರಿಯಾ ರಿಲೆಯಿ, ಈಗಿನದು ಮೆಟಾರೈಜಿಯಂ ರಿಲೆಯಿ. ಮಳೆಗಾಲದ ಜೋಳದ ಎಲೆಯ ಮೇಲೆ ಸೆಟೆದು ನಿಂತ, ಮೊದಲು ಬಿಳಿಯಾಗಿ ಆಮೇಲೆ ತಿಳಿಹಸಿರಾದ ಹುಳು ಕಂಡರೆ ಅದರ ಕೆಲಸವೇ. ನುಚ್ಚಕ್ಕಿಯ ಮೇಲೆ ಬೆಳೆಸಿ ಸುಲಭವಾಗಿ ಹೆಚ್ಚಿಸಬಹುದಾದ್ದರಿಂದ ರೈತರಿಗೆ ಹತ್ತಿರವಾಯಿತು. ಸೈನಿಕ ಹುಳುವಿಗೆ ಸುರಿಯುತ್ತಿದ್ದ ಘಾಟು ವಿಷಗಳ ಮುಂದೆ ಇದು ಎಷ್ಟೋ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಸೈನಿಕ ಹುಳುವೂ ರೇಷ್ಮೆ ಹುಳುವೂ ಚಿಟ್ಟೆ, ಪತಂಗಗಳ ಒಂದೇ ಗಣದವು. ಮೆಟಾರೈಜಿಯಂ ರಿಲೆಯಿ ರೇಷ್ಮೆ ಹುಳುವನ್ನೂ ಹಿಡಿಯಬಲ್ಲದು. ಬಿಳಿಯ ಬದಲು ಹಸಿರು ಪುಡಿ ಕಟ್ಟುವ ಸುಣ್ಣಕಟ್ಟಿನ ಕಾರಣಗಳಲ್ಲಿ ಅದೂ ಒಂದು. ತಳಿಯಿಂದ ತಳಿಗೆ ಕೊಲ್ಲುವ ಶಕ್ತಿಯಲ್ಲಿ ಬಹಳ ವ್ಯತ್ಯಾಸವಿದೆ. ದುಂಬಿಯಿಂದ ಬೇರ್ಪಡಿಸಿದ ಬ್ಯೂವೇರಿಯಾ ರೇಷ್ಮೆ ಹುಳುವಿನ ಮೇಲೆ ಅಷ್ಟು ಉಗ್ರವಾಗಿಲ್ಲದೆ ಇರಬಹುದು. ಪೊಟ್ಟಣದಲ್ಲಿರುವುದು ಯಾವ ತಳಿ, ಅದನ್ನು ರೇಷ್ಮೆ ಹುಳುವಿನ ಮೇಲೆ ಪರೀಕ್ಷಿಸಿದ್ದಾರೆಯೇ ಎಂದು ಕೊಳ್ಳುವವನಿಗೆ ತಿಳಿಯುವ ದಾರಿ ಇಲ್ಲದಿರುವಾಗ ಅಂಥ ಸಾಧ್ಯತೆಯನ್ನು ನಂಬಿ ಕೂರಲಾಗದು. ಹಿಪ್ಪುನೇರಳೆ ತೋಟದಲ್ಲೂ ಅದರ ನೆರೆಯಲ್ಲೂ ಬ್ಯೂವೇರಿಯಾ ಬೇಡವೆಂದು ರೇಷ್ಮೆ ವಿಜ್ಞಾನಿಗಳು ಹೇಳುವುದು ಇದೇ ಕಾರಣಕ್ಕೆ.

ಹವಾಮಾನವೂ ಇಲ್ಲಿ ಎರಡೂ ಕಡೆ ಒಂದೇ ಆಗಿಬಿಡುತ್ತದೆ. ಬಿಸಿಲಿಗೆ ಬೀಜಾಣು ಸಾಯುತ್ತದೆ, ಆದ್ದರಿಂದ ಸಂಜೆ ಸಿಂಪಡಿಸಿ, ಮೋಡ ಕವಿದ ತೇವದ ದಿನ ಆರಿಸಿ ಎಂದು ಜೋಳದ ರೈತನಿಗೆ ಹೇಳುತ್ತೇವೆ. ಅದೇ ತೇವದ ದಿನ ಸುಣ್ಣಕಟ್ಟಿಗೂ ಹೇಳಿ ಮಾಡಿಸಿದ್ದು. ಜೋಳದ ಹೊಲದ ಬದುವಿನಾಚೆ ಹಿಪ್ಪುನೇರಳೆ ಇದ್ದರೆ, ಸಂಜೆ ಬಿದ್ದ ತುಂತುರು ಮರುದಿನ ಬೆಳಗ್ಗೆ ಕೊಯ್ದ ಎಲೆಯ ಜೊತೆ ಸಾಕಣೆ ಮನೆ ಸೇರುತ್ತದೆ. ಸಿಂಪಡಿಸಿದವನಿಗೆ ಹುಳುವಿಲ್ಲ, ಹುಳು ಸತ್ತವನು ಸಿಂಪಡಿಸಿಲ್ಲ. ಸಾವಿಗೂ ಸಿಂಪಡಣೆಗೂ ನಡುವೆ ಕೆಲವು ದಿನಗಳ ಅಂತರ ಇರುವುದರಿಂದ ಯಾರೂ ಎರಡನ್ನೂ ಜೋಡಿಸಿ ನೋಡುವುದಿಲ್ಲ. ಚಳಿ ಹೆಚ್ಚಾಯಿತು, ಮೊಟ್ಟೆ ಸರಿಯಿರಲಿಲ್ಲ ಎಂದು ಮಾತು ಮುಗಿಯುತ್ತದೆ.

ಟ್ರೈಕೊಡರ್ಮಾ ಈ ಗುಂಪಿಗೆ ಸೇರಿದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಹಿಪ್ಪುನೇರಳೆಯ ಬೇರು ಕೊಳೆಗೆ ಅದನ್ನೇ ಗೊಬ್ಬರದ ಜೊತೆ ಬುಡಕ್ಕೆ ಕೊಡಲು ಶಿಫಾರಸಿದೆ, ಅದು ಸುಣ್ಣಕಟ್ಟು ತರುವುದಿಲ್ಲ. ಆದರೆ ಅಂಗಡಿಯಲ್ಲಿ ಎರಡೂ ಪೊಟ್ಟಣಕ್ಕೂ ಒಂದೇ ಪುಡಿಯ ಬಣ್ಣ, ಒಂದೇ ಹಸಿರು ಎಲೆಯ ಚಿತ್ರ, ‘ವಿಷರಹಿತ’ ಎಂಬ ಒಂದೇ ಮಾತು. ಒಂದನ್ನು ಬಳಸಿ ಒಳ್ಳೆಯದಾದವನು ಇನ್ನೊಂದನ್ನೂ ಅದೇ ಧೈರ್ಯದಲ್ಲಿ ಎತ್ತಿಕೊಳ್ಳುತ್ತಾನೆ. ನನ್ನ ಕೈಗೆ ಅಧಿಕಾರವಿದ್ದರೆ ರೇಷ್ಮೆ ಜಿಲ್ಲೆಗಳಲ್ಲಿ ಮಾರುವ ಬ್ಯೂವೇರಿಯಾ, ಮೆಟಾರೈಜಿಯಂ ಪೊಟ್ಟಣಗಳ ಮೇಲೆ ಸುಣ್ಣಕಟ್ಟು ಎಂಬ ಪದವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಸತ್ತ ಹುಳುವಿನ ಚಿತ್ರದೊಂದಿಗೆ ಅಚ್ಚು ಹಾಕಿಸುತ್ತಿದ್ದೆ.

ಜೋಳಕ್ಕೆ ಶಿಲೀಂಧ್ರ ಬೇಕೇ ಬೇಕು, ಪಕ್ಕದಲ್ಲಿ ಹಿಪ್ಪುನೇರಳೆಯೂ ಇದೆ ಎಂದಾದರೆ ನಷ್ಟ ತಗ್ಗಿಸುವ ದಾರಿಗಳು ಇಲ್ಲದಿಲ್ಲ. ಸೈನಿಕ ಹುಳು ಕೂರುವುದು ಸುಳಿಯೊಳಗೆ. ಹಾಗಾಗಿ ಪಂಪಿನಲ್ಲಿ ಗಾಳಿಗೆ ಹಾರಿಸುವ ಬದಲು ಮರಳು ಅಥವಾ ನುಚ್ಚಿಗೆ ಬೆರೆಸಿ ಸುಳಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಬದು ದಾಟುವುದು ತೀರಾ ಕಡಿಮೆ. ಕೂಲಿ ಹೆಚ್ಚು, ಪುಡಿ ಉಳಿತಾಯ. ಹುಳುವಿನ ಸಮಯವೂ ಮುಖ್ಯ. ಮೊಟ್ಟೆಯೊಡೆದು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆ ಹತ್ತುವವರೆಗೆ ಹುಳು ತಿನ್ನುವ ಒಟ್ಟು ಎಲೆಯಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲಿನ ಒಂದು ವಾರದ ಆಸುಪಾಸಿನದು. ರಾಶಿಗಟ್ಟಲೆ ಎಲೆ ಒಳಗೆ ಬರುವುದು ಆಗ, ಅದರ ಜೊತೆ ಬೀಜಾಣು ಬರುವ ಸಂಭವ ಹೆಚ್ಚುವುದೂ ಆಗಲೇ. ಪಕ್ಕದ ಮನೆಯಲ್ಲಿ ಹುಳು ಯಾವ ಜ್ವರದಲ್ಲಿದೆ ಎಂಬುದು ನಮ್ಮ ಊರುಗಳಲ್ಲಿ ಗುಟ್ಟೇನಲ್ಲ, ಕೇಳಿದರೆ ಹೇಳುತ್ತಾರೆ. ಅವರ ಗೂಡು ಇಳಿದು, ಸಾಕಣೆ ಮನೆ ತೊಳೆದು, ಹೊಸ ಚಾಕಿ (ಮರಿಹುಳು) ಬರುವ ಮುನ್ನಿನ ಕೆಲವು ದಿನಗಳಲ್ಲಿ ಸಿಂಪಡಣೆ ಮುಗಿಸಿಕೊಂಡರೆ ಜೋಳದವನಿಗೂ ನಷ್ಟವಿಲ್ಲ.